ಕಬ್ಬಿಣ ಹೋದ್ರ ಉಪಾಯ, ಕೈ ಹೋದ್ರ ಅಪಾಯ



ರೋಹಿಣಿ ಮಳಿ ಹತ್ತಿರ ಬಂತು. ಎಲ್ಲಾರ ಶೆಡ್ಡಿನಿಂದ ಕುಂಟಿ, ಕೂರಿಗಿ, ಕಲ್ಟಿವೇಟರ್ ಹೊರಗ ಬಂದಾವ. ಜಂಗು ತಿಕ್ಕೋದು, ನಟ್ ಬಿಚ್ಚೋದು, ವೆಲ್ಡಿಂಗ್ ಮಾಡಿಸೋದು ಜೋರು ನಡದೈತಿ. ಇದೇ ಹೊತ್ತಿಗೆ ಮೊಬೈಲಿನಾಗ 'ದೇಸಿ ಜುಗಾಡ್' ವಿಡಿಯೋಗಳ ಸುಗ್ಗಿ. ಹೋದ ವಾರ ನನಗ ಬಂದ ಮೂರು ವಿಡಿಯೋ ಹೇಳ್ತೀನಿ ಕೇಳ್ರಿ. ಒಂದರಾಗ ಕೈ ಗ್ರೈಂಡರಿನ ಗಾರ್ಡ್ ತೆಗೆದು ಕಟ್ಟಿಗಿ ಕೊಯ್ಯೋ ಹಲ್ಲಿನ ಬ್ಲೇಡ್ ಹಾಕ್ಯಾರ. ಇನ್ನೊಂದರಾಗ ರಾಶಿ ಮಷೀನಿನ ಬಾಯಿ ಕೊಯ್ದು ಅಗಲ ಮಾಡ್ಯಾರ, ತೆನಿ ಲಗೂನ ಹೋಗಲಿ ಅಂತ. ಮೂರನೇದರಾಗ ರೋಟಾವೇಟರಿನ ಬೋಲ್ಟ್ ಪದೇ ಪದೇ ಮುರಿತೈತಿ ಅಂತ ಅದರ ಜಾಗಾಕ್ಕ ಗಟ್ಟಿ ರಾಡ್ ಬಡಿದು ವೆಲ್ಡ್ ಮಾಡ್ಯಾರ. ಮೂರಕ್ಕೂ ಕೆಳಗ ಒಂದೇ ಮಾತು: "ಸೂಪರ್ ಅಣ್ಣಾ, ರೈತನ ತಲಿ ಅಂದ್ರ ಇದು."

ಇದು ರೈತನ ತಲಿ ಅಲ್ಲರಿ. ರೈತನ ತಲಿಗೆ ಮಾಡಿದ ಅವಮಾನ. ಅದಕ್ಕ ಇವತ್ತು ಸ್ವಲ್ಪ ಉದ್ದಾಗೇ ಬರಿತೀನಿ. ಬೇಜಾರಾಗಬ್ಯಾಡ್ರಿ.

ಮೊದಲೇ ಒಂದು ಮಾತು ಸ್ಪಷ್ಟ ಮಾಡ್ತೀನಿ. ನಾನು ಮನಿಯಾಗ ಮಾಡಿಕೊಂಡ ಸಲಕರಣಿಯ ವಿರೋಧಿ ಅಲ್ಲ. ನನ್ನ ಶೆಡ್ಡಿನಾಗ ಅಂಗಡಿಯಿಂದ ತಂದ ಸಾಮಾನಕ್ಕಿಂತ ಗುಜರಿಯಿಂದ ತಂದು ಮಾಡಿಕೊಂಡ ಸಾಮಾನೇ ಹೆಚ್ಚು ಅದಾವ. ಐದಾರು ಎಕರೆ ಮಳಿ ಆಶ್ರಯದ ಹೊಲ ಇಟ್ಟುಕೊಂಡು ಪ್ರತಿ ಪಾನಾಕ್ಕ, ಪ್ರತಿ ಪುಲ್ಲರಿಗೆ ಪ್ಯಾಟಿಗೆ ಓಡಿದ್ರ ಮುಗಿಯೋ ಬಾಳೇವಲ್ಲ. ಆದ್ರ 'ಉಪಾಯ ಬಲ್ಲವಗ ಅಪಾಯ ಇಲ್ಲ' ಅಂತ ಹಿರಿಯರು ಹೇಳ್ಯಾರ. ಬಲ್ಲವಗ ಅಂದಾರ, ವಿಡಿಯೋದಾಗ ಉಪಾಯ ಕಂಡವಗ ಅಂದಿಲ್ಲ.

ಹಂಗಾದ್ರ ಉಪಾಯ ಯಾವುದು, ಅಪಾಯ ಯಾವುದು ಅಂತ ತಿಳಿಯೋದು ಹ್ಯಾಂಗ? ಅದಕ್ಕ ದೊಡ್ಡ ಓದು ಬ್ಯಾಡ. ನನ್ನ ಶೆಡ್ಡಿನ ಬಾಗಿಲ ಮ್ಯಾಲ ಸುಣ್ಣದಾಗ ಒಂದು ಪ್ರಶ್ನೆ ಬರದೀನಿ: "ಕೈಕೊಟ್ರ ಏನ್ ಹೋಗ್ತೈತಿ?" ನೀವು ಮಾಡಿದ ಉಪಾಯ ಅರ್ಧಕ್ಕ ಕೈಕೊಟ್ಟಾಗ ಬರೇ ಕಬ್ಬಿಣ ಮುರಿತಿದ್ರ, ಮಾಡ್ರಿ. ಮುರಿದ್ರ ಮತ್ತೊಂದು ಮಾಡಿಕೊಂಡ್ರಾತು. ಕೈಕೊಟ್ಟಾಗ ಮನಷ್ಯಾರ ಕೈ, ಕಣ್ಣು, ಜೀವ ಹೋಗ್ತಿದ್ರ ಅದಕ್ಕ ಉಪಾಯ ಅನ್ನೋ ಹೆಸರು ಇಡಬ್ಯಾಡ್ರಿ. ಇಷ್ಟೇ ನನ್ನ ವಾದ. ಮುಂದ ಬರಿಯೋದೆಲ್ಲ ಇದರ ಬಿಡಿಸಿದ ರೂಪ.

ಮೊದಲು ಮನಿ ಸಲಕರಣಿ ಅಂದ್ರ ಮೂಗು ಮುರಿಯೋರಿಗೆ ಎರಡು ಮಾತು.

ಕಂಪನಿ ಮಾಲೇ ಮಾಲು, ಹಳ್ಳಿ ಕುಲುಮಿಯಾಗ ಮಾಡಿದ್ದೆಲ್ಲ ಕಚ್ಚಾ ಅನ್ನೋರು ನಮ್ಮೊಳಗೂ ಅದಾರ, ಆಫೀಸಿನಾಗೂ ಅದಾರ. ಅವರಿಗೆ ಕೇಳ್ತೀನಿ: ನಿಮ್ಮ ಅಜ್ಜನ ಕೂರಿಗಿ ಯಾವ ಕಂಪನೀದು? ಬಡಿಗೇರ ಮತ್ತು ಕಮ್ಮಾರ ಊರ ಆಯಗಾರರಿದ್ರು. ಸುಗ್ಗಿಯಾಗ ಕಣಕ್ಕ ಬಂದು ಕಾಳು ಒಯ್ತಿದ್ರು, ವರ್ಷೆಲ್ಲ ರಂಟಿ, ಕುಂಟಿ, ಕೂರಿಗಿ ನೋಡಿಕೊಳ್ತಿದ್ರು. ಅವರು ನಿಮ್ಮ ಎತ್ತಿನ ಎತ್ತರ ನೋಡಿ ಈಸು ಕೂಡಸ್ತಿದ್ರು. ಎರಿ ಹೊಲಕ್ಕ ಒಂದು ನಮೂನಿ, ಮಸಬು ಹೊಲಕ್ಕ ಒಂದು ನಮೂನಿ ಕುಡ ಬಡಿತಿದ್ರು. ತೊಗರಿಗೆ ಅಗಲ ಸಾಲು, ಸಜ್ಜಿಗೆ ಸಣ್ಣ ಸಾಲು ಅಂತ ಕೂರಿಗಿ ತಾಳು ಲೆಕ್ಕ ಹಾಕಿ ಕೂಡಸ್ತಿದ್ರು. ಮುಂಜಾನಿ ಮುರಿದಿದ್ದು ಸಂಜಿಗೆ ಹೊಲದಾಗ ಇರ್ತಿತ್ತು. ಇವತ್ತು ಕಂಪನಿಯ ಒಂದು ಗೇರ್ ಮುರಿದ್ರ ಹದ ಆರಿ ಹೋಗೋತನಕ ಸಾಮಾನು ಬರಂಗಿಲ್ಲ. ಮಿರಗಾ ಮಳಿಯ ಹದ ಯಾರ ಪಾರ್ಸಲ್ಲಿಗೂ ಕಾಯಂಗಿಲ್ಲ.

ದೊಡ್ಡ ಹೆಸರು ಬೇಕಂದ್ರ ದೂರ ಹೋಗಬ್ಯಾಡ್ರಿ. ಧಾರವಾಡ ಜಿಲ್ಲೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಾಗ ಪದ್ಮಶ್ರೀ ಬಂತು. ಹುಣಸಿ ಬೀಜ ಬಿಡಿಸೋ ಯಂತ್ರ, ಟ್ರ್ಯಾಕ್ಟರಿಗೆ ಹಚ್ಚೋ ಬೀಜ-ಗೊಬ್ಬರದ ಕೂರಿಗಿ, ಕಬ್ಬು ನಾಟಿ ಯಂತ್ರ, ಕುಡ ತಯಾರಿಸೋ ಯಂತ್ರ, ಹಿಂಗ ರೈತನಿಗೆ ಬೇಕಾದ್ದನ್ನೇ ಮಾಡಿದವರು. ಅವರ ಮೊದಲ ಉಪಾಯ ಯಾವುದು ಗೊತ್ತೇನ್ರಿ? ಮುಂಜಾನಿ ಲಗೂನ ಏಳಾಕ ಆಗವಲ್ದು ಅಂತ ಅಲಾರಂ ಗಡಿಯಾರದ ಚಾವಿಗೆ ದಾರ ಕಟ್ಟಿ, ದಾರಕ್ಕ ನೀರಿನ ಬಾಟಲಿ ಕಟ್ಟಿದ್ರು. ಅಲಾರಂ ಹೊಡಕೊಂಡು ಚಾವಿ ತಿರುಗಿದ್ರ ಬಾಟಲಿ ಬಗ್ಗಿ ಮಖದ ಮ್ಯಾಲ ನೀರು. ನನ್ನ ಬಾಗಿಲ ಪ್ರಶ್ನೆ ಇಲ್ಲಿ ಹಾಕ್ರಿ. ಕೈಕೊಟ್ರ ಏನ್ ಹೋಗ್ತಿತ್ತು? ಒಂದಿನ ತಡ ಏಳ್ತಿದ್ರು, ಅಷ್ಟೇ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನಸುಖಭಾಯಿ ಜಗಾನಿ ಬುಲೆಟ್ ಗಾಡಿಯ ಹಿಂದಿನ ಗಾಲಿ ತೆಗೆದು ಎರಡು ಗಾಲಿ ಮತ್ತು ಕುಂಟಿ ಹಚ್ಚಿ ಎಡಿ ಹೊಡಿಯೋ ಯಂತ್ರ ಮಾಡಿದ್ರು. ಎತ್ತು ಸಾಕಾಕ ಆಗದ ಸಣ್ಣ ರೈತನ ಚಿಂತಿಗೆ ಹುಟ್ಟಿದ ಯಂತ್ರ ಅದು.

ಇಂಥವರ ಫೋಟೋ ಹಾಕಿ ಕೆಳಗ ಗಾರ್ಡ್ ತೆಗೆದ ಗ್ರೈಂಡರಿನ ವಿಡಿಯೋ ಹಚ್ಚತಾರಲ್ಲ, ಅದಕ್ಕ ನನ್ನ ಸಿಟ್ಟು. ಒಂದು ಯಂತ್ರವನ್ನ ಹೊಲದಾಗ ಓಡಿಸಿ, ಮುರಿದು, ತಿದ್ದಿ, ಮತ್ತ ಓಡಿಸಿ ನಾಕು ಮಂದಿಗೆ ಕೊಡೋದು ಬ್ಯಾರೆ. ಅರ್ಧ ನಿಮಿಷ ಓಡಿಸಿ ವಿಡಿಯೋ ಮಾಡಿ ಬಿಡೋದು ಬ್ಯಾರೆ. ಆ ಅರ್ಧ ನಿಮಿಷದ ಮುಂದ ಏನಾತು ಅಂತ ಯಾವನೂ ತೋರಸಂಗಿಲ್ಲ.

ಈಗ ನಿಜವಾದ ಉಪಾಯ ಅಂದ್ರ ಹ್ಯಾಂಗಿರತಾವ ಅಂತ ಕೆಲವು ಹೇಳ್ತೀನಿ. ಎಲ್ಲಾ ನನ್ನ ಶೆಡ್ಡಿನಾಗ ದಿನಾ ನಡಿಯೋವು.

1) ಮೂರು-ನಾಕು-ಐದು. ಕುಂಟಿ ಚೌಕಟ್ಟಾಗಲಿ, ಗೇಟಾಗಲಿ, ಮೂಲಿ ಸರಿ ಇಲ್ಲಂದ್ರ ಎಳದಾಗ ಒಂದು ಕಡಿ ವಾಲತೈತಿ. ಮೂಲಿಯಿಂದ ಒಂದು ಪಟ್ಟಿಯ ಮ್ಯಾಲ 3 ಅಡಿಗೆ ಗುರುತು, ಇನ್ನೊಂದರ ಮ್ಯಾಲ 4 ಅಡಿಗೆ ಗುರುತು ಹಾಕ್ರಿ. ಎರಡು ಗುರುತಿನ ನಡುವ ಸರಿಯಾಗಿ 5 ಅಡಿ ಬಂದ್ರ ಮೂಲಿ ಕಾಟಕೋನ. ಬರೇ ಟೇಪು ಸಾಕು, ಗುಣ್ಯಾ ಬ್ಯಾಡ.

2) ಬೇರಿಂಗಿನ ನಂಬರು. ಅಂಗಡಿಗೆ ಹೋಗಿ 'ಇಂಥಾದ್ದು ಕೊಡ್ರಿ' ಅಂತ ಹಳೇದು ತೋರಸೋದು ಎಲ್ಲಾರಿಗೂ ಗೊತ್ತು. ಹಳೇದು ಪುಡಿ ಆಗಿದ್ರ? ಶಾಫ್ಟ್ ಅಳೀರಿ. 6204, 6205, 6206 ಇಂಥಾ ನಂಬರಿನ ಕೊನೇ ಎರಡು ಅಂಕಿಯನ್ನ 5ರಿಂದ ಗುಣಿಸಿದ್ರ ಒಳಗಿನ ತೂತು ಮಿಲಿಮೀಟರಿನಾಗ ಬರ್ತೈತಿ. 6205 ಅಂದ್ರ 25 ಮಿ.ಮೀ., 6206 ಅಂದ್ರ 30. ಕೊನೆಗೆ 04ರಿಂದ ಮ್ಯಾಲಿನವಕ್ಕ ಈ ಲೆಕ್ಕ. 6203 ಮಾತ್ರ 17 ಮಿ.ಮೀ., ಅದನ್ನ ಬಾಯಿಪಾಠ ಇಟ್ಟುಕೊಳ್ರಿ.

3) ಬೇರಿಂಗ್ ಕೂಡಸೋದು. ಶಾಫ್ಟಿಗೆ ಏರಸುವಾಗ ಒಳಗಿನ ರಿಂಗಿಗೇ ಏಟು ಬೀಳಬೇಕು. ಮನಿಯೊಳಗ, ಅಂದ್ರ ಹೌಸಿಂಗಿನಾಗ ಇಳಸುವಾಗ ಹೊರಗಿನ ರಿಂಗಿಗೆ ಬೀಳಬೇಕು. ತಪ್ಪು ರಿಂಗಿಗೆ ಬಡದ್ರ ಏಟು ಗುಂಡಿನ ಮ್ಯಾಲ ಹೋಗಿ ಹೊಸಾ ಬೇರಿಂಗ್ ಮೊದಲನೇ ದಿನವೇ ಕಚ್ಚು ಬೀಳ್ತೈತಿ, ಆಮ್ಯಾಲ 'ಡುಪ್ಲಿಕೇಟ್ ಕೊಟ್ಟ' ಅಂತ ಅಂಗಡಿಯವನಿಗೆ ಬೈತೀವಿ. ಅಳತಿಗೆ ತಕ್ಕ ಪೈಪಿನ ತುಂಡು ಒಂದೊಂದು ಕೊಯ್ದು ಮೊಳಿಗೆ ತೂಗುಹಾಕ್ರಿ. ಅದೇ ನಮ್ಮ ಪ್ರೆಸ್ಸು. ಬಿಚ್ಚಾಕ ಬೇಕಂದ್ರ ಎರಡು ಪಟ್ಟಿ, ಒಂದು ಅಡ್ಡಪಟ್ಟಿ, ನಡುವ ಒಂದು ಉದ್ದನ ಬೋಲ್ಟ್, ಇಷ್ಟರಾಗ ಪುಲ್ಲರ್ ತಯಾರು.

4) ಒಳಗ ಮುರಿದ ಬೋಲ್ಟ್. ಡ್ರಿಲ್ ಹಾಕಿ ಒದ್ದಾಡೋಕ್ಕಿಂತ ಮುರಿದ ತುಂಡಿನ ಮ್ಯಾಲ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗಿಂದ ವೆಲ್ಡ್ ಮಾಡ್ರಿ. ಕೆಂಪು ಆರಿದ ಮ್ಯಾಲ ಪಾನಾ ಹಾಕಿ ಹಿಂದಕ್ಕೂ ಮುಂದಕ್ಕೂ ಸಾವಕಾಶ ಆಡಸ್ರಿ. ಕಾವಿಗೆ ಬೋಲ್ಟ್ ಹಿಗ್ಗಿ ಕುಗ್ಗಿ ಜಂಗಿನ ಹಿಡಿತ ಬಿಟ್ಟಿರ್ತೈತಿ. ಟ್ರ್ಯಾಕ್ಟರಿನ ಮ್ಯಾಲೇ ವೆಲ್ಡ್ ಮಾಡೋದಿದ್ರ ಮೊದಲು ಬ್ಯಾಟರಿಯ ಮೈನಸ್ ವಾಯರ್ ಬಿಚ್ಚರಿ, ಇಲ್ಲಂದ್ರ ಡೈನಮೋ ಸುಡತೈತಿ.

5) ಕಮಾನ್ ಪಾಟಾದ ಕುಡ. ನಮ್ಮ ಕುಷ್ಟಗಿ ಮ್ಯಾಲ ರಾಷ್ಟ್ರೀಯ ಹೆದ್ದಾರಿ 50 ಹೋಗಿ ನಮಗ ಆದ ದೊಡ್ಡ ಉಪಕಾರ ಅಂದ್ರ ಲಾರಿ ಗುಜರಿ. ಹಳೇ ಲಾರಿಯ ಕಮಾನ್ ಪಾಟಾದಷ್ಟು ಚಲೋ ಕುಡ ಯಾವ ಅಂಗಡಿಯಾಗೂ ಸಿಗಂಗಿಲ್ಲ. ಅದು ಸ್ಪ್ರಿಂಗ್ ಉಕ್ಕು, ಕಾಸಿ ನೀರಿನಾಗ ಅದ್ದಿದ್ರ ಗಾಜಿನಂಗ ಸೀಳತೈತಿ. ಎಣ್ಣಿಯೊಳಗ ಅದ್ದಿ, ಆಮ್ಯಾಲ ಮತ್ತ ಸ್ವಲ್ಪ ಕಾವು ಕೊಟ್ಟು ಗಡಸುತನ ಇಳಸಬೇಕು. ಗ್ರೈಂಡರಿಗೆ ಹಿಡದಾಗ ಅಂಚು ನೀಲಿ ಆತು ಅಂದ್ರ ಅಲ್ಲಿಗೆ ಆ ಅಂಚಿನ ನೀರು ಇಳೀತು ಅಂತ ತಿಳೀರಿ. ನಮ್ಮ ಕಮ್ಮಾರರಿಗೆ ಇದು ಯಾವ ಪುಸ್ತಕ ಓದದೇ ಗೊತ್ತಿತ್ತು.

6) ಪುಲ್ಲಿ ಲೆಕ್ಕ. ಮೋಟರಿನ ಸುತ್ತು ಗುಣಿಲೆ ಮೋಟರ್ ಪುಲ್ಲಿಯ ಅಳತಿ, ಭಾಗಿಲೆ ಮಷೀನ್ ಪುಲ್ಲಿಯ ಅಳತಿ. 1440 ಸುತ್ತಿನ ಮೋಟರಿಗೆ 4 ಇಂಚಿನ ಪುಲ್ಲಿ, ಮಷೀನಿಗೆ 8 ಇಂಚಿನ ಪುಲ್ಲಿ ಇದ್ರ ಮಷೀನ್ 720 ಸುತ್ತು ತಿರುಗತೈತಿ. ಈ ಲೆಕ್ಕ ಹಾಕದೇ ಪುಲ್ಲಿ ಬದಲಿ ಮಾಡಬ್ಯಾಡ್ರಿ. ಯಂತ್ರದ ಮ್ಯಾಲ ಬರದ ಸುತ್ತಿಗಿಂತ ಹೆಚ್ಚು ಓಡಸೋದು ಲಾಭ ಅಲ್ಲ, ಅದು ಯಂತ್ರದ ಆಯುಷ್ಯದ ಸಾಲ.

ಈ ಆರಕ್ಕೂ ಬಾಗಿಲ ಪ್ರಶ್ನೆ ಹಾಕಿ ನೋಡ್ರಿ. ಪುಲ್ಲರ್ ಬಗ್ಗತೈತಿ, ಕುಡ ಸೀಳತೈತಿ, ನಟ್ ಕಿತ್ತು ಬರ್ತೈತಿ. ಹೋಗೋದು ಕಬ್ಬಿಣ. ಇವನ್ನ ನೀವು ನೂರು ಸಲ ಮಾಡ್ರಿ, ನಿಮ್ಮ ಮಕ್ಕಳಿಗೂ ಕಲಸ್ರಿ.

ಇನ್ನ ಅಪಾಯಕ್ಕ ಬರ್ತೀನಿ.

ಗ್ರೈಂಡರ್ ಮೊದಲು. ನಮ್ಮೆಲ್ಲಾರ ಹತ್ತಿರ ಇರೋದು 4 ಇಂಚಿನ ಗ್ರೈಂಡರ್. ಅದು ನಿಮಿಷಕ್ಕ ಸುಮಾರು 11,000 ಸುತ್ತು ತಿರುಗತೈತಿ. ದೊಡ್ಡ ಕಬ್ಬಿಣ ಕೊಯ್ಯಾಕ 4 ಇಂಚು ಸಾಲಂಗಿಲ್ಲ ಅಂತ ಗಾರ್ಡ್ ಕಿತ್ತು 7 ಇಂಚಿನ ಡಿಸ್ಕ್ ಹಾಕತಾರ. ತೂತು ಹೊಂದಂಗಿಲ್ಲ, ಚಿಕ್ಕದರದು 16 ಮಿ.ಮೀ., ದೊಡ್ಡದರದು 22 ಚಿಲ್ಲರೆ. ಅದಕ್ಕೊಂದು ಬುಶ್ ಮಾಡಿ ಕೂಡಸ್ತಾರ. ತಮ್ಮಗಳಿರಾ, ತೂತು ಹೊಂದಬಾರದು ಅಂತಲೇ ಬ್ಯಾರೆ ಮಾಡ್ಯಾರ. ಡಿಸ್ಕಿನ ಮ್ಯಾಲ ಸಣ್ಣ ಅಕ್ಷರದಾಗ ಬರದಿರತಾರ: ಸೆಕೆಂಡಿಗೆ 80 ಮೀಟರ್. ಅಂದ್ರ ಅದರ ಅಂಚು ತಡಕೊಳ್ಳೋ ವೇಗ ಗಂಟೆಗೆ 288 ಕಿಲೋಮೀಟರ್. 7 ಇಂಚಿನ ಡಿಸ್ಕನ್ನ 11,000 ಸುತ್ತಿಗೆ ಓಡಿಸಿದ್ರ ಅಂಚಿನ ವೇಗ ಗಂಟೆಗೆ ಸುಮಾರು 370 ಕಿಲೋಮೀಟರ್ ಆಗತೈತಿ. ಆ ವೇಗದಾಗ ಡಿಸ್ಕ್ ಒಡದ್ರ ತುಂಡು ಎಲ್ಲಿಗೆ ಬರ್ತೈತಿ ಅಂತ ನಾನು ಹೇಳಬೇಕಿಲ್ಲ. ತಡಿಯಾಕ ಇದ್ದ ಗಾರ್ಡನ್ನ ನೀವೇ ಬಿಚ್ಚಿ ಮೂಲಿಗೆ ಒಗದೀರಿ. ಕಟ್ಟಿಗಿ ಬ್ಲೇಡಿಂದು ಇನ್ನೊಂದು ಕತಿ. ಹಲ್ಲು ಗಂಟಿಗೆ ಕಚ್ಚಿತು ಅಂದ್ರ ಗ್ರೈಂಡರ್ ಕೈಯಿಂದ ಜಿಗಿದು ತೊಡಿಗೋ ಕುತಿಗಿಗೋ ಬರ್ತೈತಿ. ಕೊಯ್ಯೋದು ಕಟ್ಟಿಗಿ ಅಂತ ಬ್ಲೇಡಿಗೆ ಗೊತ್ತಿರಂಗಿಲ್ಲ.

ಎರಡನೇದು, ಖಾಲಿ ಬ್ಯಾರಲ್ಲು. ಡೀಸೆಲ್, ಪೆಟ್ರೋಲ್ ಇದ್ದ ಬ್ಯಾರಲ್ಲು ಖಾಲಿ ಐತಿ, ಏನಾಗಂಗಿಲ್ಲ ಅಂತ ಕೊಯ್ಯಾಕ, ವೆಲ್ಡ್ ಮಾಡಾಕ ಹೋಗ್ತಾರ. ಎಣ್ಣಿ ಖಾಲಿ ಆಗಿರತೈತಿ, ಆವಿ ಖಾಲಿ ಆಗಿರಂಗಿಲ್ಲ. ತುಂಬಿದ ಬ್ಯಾರಲ್ಲಿಗಿಂತ ಖಾಲಿ ಬ್ಯಾರಲ್ಲೇ ಬಾಂಬ್. ನೀರಿನ ತೊಟ್ಟಿ ಬೇಕಾದ್ರ ಎಣ್ಣಿ ಹಾಕದ ಬ್ಯಾರಲ್ಲು ತರ್ರಿ.

ಮೂರನೇದು, ಬರಿಗಣ್ಣಿನ ವೆಲ್ಡಿಂಗು. ಒಂದೇ ಟಾಕಿ ಐತಿ ಅಂತ ಕಣ್ಣು ಮುಚ್ಚಿ ಹೊಡಿಯೋದು, ಜಾತ್ರ್ಯಾಗ ತಗೊಂಡ ಕಪ್ಪು ಕನ್ನಡಕ ಹಾಕೋದು. ಆ ಬೆಳಕು ಕಣ್ಣು ಸುಟ್ಟಿದ್ದು ಆವಾಗ ಗೊತ್ತಾಗಂಗಿಲ್ಲ. ರಾತ್ರಿ ಮಲಗಿದ ಮ್ಯಾಲ ಕಣ್ಣಾಗ ಉಸುಕು ಹೊಕ್ಕಂಗ ಉರಿ ಏಳತೈತಿ. ಆಮ್ಯಾಲ ಆಲೂಗಡ್ಡಿ ಹೋಳು ಇಡೋದು, ಎದಿಹಾಲು ಹಾಕೋದು. ಸರಿಯಾದ ವೆಲ್ಡಿಂಗ್ ಗಾಜು ಎರಡು ಪ್ಲೇಟ್ ಮಿರ್ಚಿ-ಮಂಡಕ್ಕಿ ದುಡ್ಡಿಗೆ ಬರ್ತೈತಿ. ಹಂಗೇ ಬಿಳೀ ಜಿ.ಐ. ಪೈಪು ವೆಲ್ಡ್ ಮಾಡಿ ಹೊಗಿ ಕುಡದ್ರ ಸಂಜಿಗೆ ಚಳಿ ಜ್ವರ ಬರ್ತೈತಿ. ಹಾಲು ಕುಡದ್ರ ಹೋಗ್ತೈತಿ ಅನ್ನೋದು ಬರೇ ನಂಬಿಕಿ. ಹಚ್ಚೋ ಜಾಗದಾಗ ಸತುವಿನ ಲೇಪ ಉಜ್ಜಿ ತೆಗೀರಿ, ಗಾಳಿ ಬೆನ್ನಿಗೆ ಬರೋ ಹಂಗ ಕುಂದರ್ರಿ.

ನಾಕನೇದು, ಮುರಿಯಾಕ ಅಂತ ಇಟ್ಟ ವಸ್ತು. ಇದನ್ನ ಚಲೋತ್ನಾಗ ಕೇಳ್ರಿ. ರೋಟಾವೇಟರಿನ ಶಾಫ್ಟಿಗೆ ಇರೋ ಆ ಸಣ್ಣ ಬೋಲ್ಟ್ ಮುರಿಯೋದೇ ಅದರ ಉದ್ಯೋಗ. ಕಲ್ಲು ಸಿಕ್ಕಾಗ ಅದು ತಾನು ಮುರಿದು ಗೇರ್ ಬಾಕ್ಸ್ ಉಳಸತೈತಿ. ಬೋಲ್ಟಿನ ತಲಿ ಮ್ಯಾಲ ಅಂಕಿ ಇರ್ತೈತಿ. 4.6 ಅಂದ್ರ ಮೆದು, 8.8 ಅಂದ್ರ ಅದರ ಎರಡರಷ್ಟು ಗಟ್ಟಿ, 10.9 ಇನ್ನೂ ಗಟ್ಟಿ. ಪುಸ್ತಕದಾಗ ಹೇಳಿದ ಗ್ರೇಡು ಬಿಟ್ಟು ಗಟ್ಟಿ ಬೋಲ್ಟ್ ಹಾಕೋದು, ರಾಡ್ ಬಡಿಯೋದು ಅಂದ್ರ ಹತ್ತು ರೂಪಾಯಿ ಉಳಸಾಕ ಗೇರ್ ಬಾಕ್ಸ್ ಅಡಾ ಇಟ್ಟಂಗ. ಬೋರಿನ ಸ್ಟಾರ್ಟರಿನಾಗ ಫ್ಯೂಜಿನ ಬದಲಿ ದಪ್ಪ ತಾಮ್ರದ ತಂತಿ ಸುತ್ತೋದೂ ಇದೇ ಜಾತಿ. ತಂತಿ ಸುಡಂಗಿಲ್ಲ, ಮೋಟರ್ ಸುಡತೈತಿ. ಆಮ್ಯಾಲ ನಾನೂರು ಐನೂರು ಅಡಿಯಿಂದ ಪೈಪು ಎತ್ತೋ ಖರ್ಚು ಯಾರದು? ಮನಿಯಾಗೂ ಹಂಗೇ ಅಲ್ಲೇನ್ರಿ, ಒಬ್ಬ ತಗ್ಗಿದ್ರ ಮನಿ ಉಳೀತೈತಿ. ಯಂತ್ರದಾಗ ತಗ್ಗೋದು ಆ ಬೋಲ್ಟು, ಆ ಫ್ಯೂಜು.

ಐದನೇದು ಎಲ್ಲಾಕ್ಕಿಂತ ದೊಡ್ಡದು: ತಿರುಗೋ ಶಾಫ್ಟು ಮತ್ತು ರಾಶಿ ಮಷೀನಿನ ಬಾಯಿ. ಟ್ರ್ಯಾಕ್ಟರಿನ ಪಿ.ಟಿ.ಓ. ನಿಮಿಷಕ್ಕ 540 ಸುತ್ತು. ಅಂದ್ರ ಸೆಕೆಂಡಿಗೆ 9 ಸುತ್ತು. 'ಯವ್ವಾ' ಅನ್ನೋದರೊಳಗ ಧೋತರದ ಚುಂಗು, ಸೀರಿ ಸೆರಗು, ಕೊಳ್ಳಾಗಿನ ವಸ್ತ್ರ ಒಂಬತ್ತು ಸುತ್ತು ಸುತ್ತಿ ಮನಷ್ಯಾನ್ನ ಎಳಕೊಂಡಿರ್ತೈತಿ. ಕಂಪನಿ ಕೊಟ್ಟ ಪ್ಲಾಸ್ಟಿಕ್ ಕವಚ ಗ್ರೀಸ್ ಹಚ್ಚಾಕ ಅಡ್ಡ ಬರ್ತೈತಿ ಅಂತ ಮೊದಲನೇ ವರ್ಷವೇ ಕಿತ್ತು ಒಗೀತೀವಿ.

ರಾಶಿ ಮಷೀನಿನ ಗಾಳಿಕೆಗೆ, ಅಂದ್ರ ತೆನಿ ಕೊಡೋ ಬಾಯಿಗೆ, ಭಾರತೀಯ ಮಾನಕ ಸಂಸ್ಥೆ ಅಳತಿ ಹಾಕಿಕೊಟ್ಟೈತಿ. ಉದ್ದ ಕನಿಷ್ಠ 900 ಮಿ.ಮೀ., ಅದರಾಗ ಕನಿಷ್ಠ 450 ಮಿ.ಮೀ. ಮ್ಯಾಲಿಂದ ಮುಚ್ಚಿರಬೇಕು. ಮೂರು ಅಡಿ ಉದ್ದ, ಅರ್ಧ ಮುಚ್ಚಿದ್ದು ಅಂತ ನೆನಪಿಡ್ರಿ. ಯಾಕ ಆ ಅಳತಿ? ಮನಷ್ಯಾರ ಕೈ ಅಷ್ಟು ಒಳಗ ಹೋಗಂಗಿಲ್ಲ ಅಂತ. ಅದನ್ನ ಕೊಯ್ದು ಗಿಡ್ಡ ಮಾಡಿ ಬಾಯಿ ಅಗಲ ಮಾಡೋದು ಅಂದ್ರ ಕೈಗೆ ದಾರಿ ಮಾಡಿಕೊಟ್ಟಂಗ. ರಾಶಿ ಮಷೀನಿನ ಅನಾಹುತ ಹೆಚ್ಚಾಗಿಯೇ ಸರ್ಕಾರ 1983ರಾಗ ಅಪಾಯಕಾರಿ ಯಂತ್ರಗಳ (ನಿಯಂತ್ರಣ) ಕಾಯ್ದೆ ಅಂತ ತಂತು. ನಲವತ್ತು ವರ್ಷ ದಾಟಿತು. ನಮ್ಮ ಕಣದಾಗ ಅದರ ಹೆಸರು ಕೇಳಿದವರು ಎಷ್ಟು ಮಂದಿ?

ಇಲ್ಲಿ ನನ್ನ ವಾದದ ಮುಳ್ಳು ಐತಿ. ಚುಚ್ಚಿದ್ರ ಚುಚ್ಚಲಿ, ಹೇಳ್ತೀನಿ.

ಉಪಾಯ ಮಾಡೋನು ಒಬ್ಬ, ಕೈ ಕಳಕೊಳ್ಳೋರು ಇನ್ನೊಬ್ಬರು. ಮಷೀನಿನ ಬಾಯಿ ಅಗಲ ಮಾಡಸೋನು ಮಾಲಕ. ಆ ಬಾಯಿ ಮುಂದ ನಿಂತು ದಿನಾಪೂರ್ತಿ ತೆನಿ ಕೊಡೋರು ಕೂಲಿಗೆ ಬಂದ ಹೆಣಮಕ್ಕಳು. ಹೊತ್ತು ಮುಳುಗಿರತೈತಿ, ಕಣ್ಣು ಮಂಜಾಗಿರ್ತಾವ, 'ಇನ್ನೊಂದು ಬಣವಿ ಮುಗಿಸಿಬಿಡೋಣು' ಅಂತ ಮಾಲಕ ಅವಸರ ಮಾಡ್ತಿರ್ತಾನ. ನಮ್ಮ ಪಕ್ಕದೂರಾಗ ಕಡ್ಲಿ ರಾಶಿಯಾಗ ಹಿಂಗೇ ಒಬ್ಬಾಕಿಯ ಬಲಗೈ ಹೋತು. ಆ ಹೆಣಮಗಳು ರೊಟ್ಟಿ ಬಡಿಯೋದು ಯಾವ ಕೈಲೆ? ಕಳೆ ತಗಿಯೋದು ಯಾವ ಕೈಲೆ? ಮಾಲಕ ದವಾಖಾನಿ ಖರ್ಚು ಕೊಟ್ಟ, ಹಿರಿಯರು ಕುಂತು ಒಂದು ಮೊತ್ತ ಕೊಡಿಸಿದ್ರು, ಮಾತು ಮುಗೀತು. ಮುಂದಿನ ವರ್ಷ ಅದೇ ಮಷೀನು, ಅದೇ ಬಾಯಿ, ಬ್ಯಾರೆ ಹೆಣಮಗಳು.

ಹಿಂಗಿದ್ದಾಗ 'ನನ್ನ ಮಷೀನು, ನನ್ನ ಇಷ್ಟ' ಅನ್ನಾಕ ನಮಗೇನು ಹಕ್ಕೈತಿ? ಸ್ವಂತ ಕೈ ಪಣಕ್ಕಿಟ್ಟು ಉಪಾಯ ಮಾಡೋನು ಹುಂಬ ಅನ್ನಬಹುದು. ಮಂದಿ ಕೈ ಪಣಕ್ಕಿಟ್ಟು ಮಾಡೋನಿಗೆ ಏನಂತೀರಿ, ನೀವೇ ಹೇಳ್ರಿ.

ಕೆಲವರು ನನಗ ಎದುರುತ್ತರ ಕೊಡ್ತಾರ. "ಕಾಕಾ, ಗಾರ್ಡ್ ಇದ್ರ ಕೊಯ್ಯೋ ಗೆರಿ ಕಾಣಂಗಿಲ್ಲ. ಗಾಳಿಕೆ ಉದ್ದ ಇದ್ರ ಕೆಲಸ ನಿಧಾನ. ಮೋಡ ಆಗೈತಿ, ಕಣದಾಗ ಮಾಲು ಐತಿ, ನಿಮ್ಮ ಪುರಾಣ ಕೇಳಿಕೋತ ಕುಂತ್ರ ಕಾಳು ನೆನಿತಾವ." ಮಾತು ಖರೇ ಐತಿ. ಮೋಡ ಕಂಡಾಗ ರೈತನ ಎದಿ ಹ್ಯಾಂಗ ಬಡಕೋತೈತಿ ಅಂತ ನನಗ ಗೊತ್ತೈತಿ. ಆದ್ರ ಅವಸರ ಇದ್ದಾಗಲೇ ಕೈ ತಪ್ಪೋದು. ಗಾರ್ಡ್ ಇರೋದು ಆರಾಮ ಕುಂತು ಮಾಡೋ ಕೆಲಸಕ್ಕಲ್ಲ, ಅವಸರದ ಕೆಲಸಕ್ಕೇ. ಗ್ರೈಂಡರಿನ ಗಾರ್ಡ್ ತಿರುವಿ ಇಟ್ಟುಕೊಳ್ಳಾಕ ಬರ್ತೈತಿ, ಕೀಳಬೇಕಂತಿಲ್ಲ. ಕಾಳು ನೆನದ್ರ ಒಂದು ಬೆಳಿ ಹೋತು. ಕೈ ಹೋದ್ರ ಮುಂದಿನ ಎಲ್ಲಾ ಬೆಳಿ ಹೋದಂಗ.

ಇನ್ನೊಂದು ಮಾತು, ಇದು ನನಗ ಬಾಳ ಮುಖ್ಯ. ಗಾರ್ಡ್ ತಗಿಯಾಕ ಇಷ್ಟು ತಲಿ ಓಡಸ್ತೀರಲ್ಲ, ಗಾರ್ಡ್ ಮಾಡಾಕ ಯಾಕ ಓಡಸಂಗಿಲ್ಲ? ಅದೂ ಗುಜರಿ ಸಾಮಾನಿನಾಗೇ ಆಗ್ತೈತಿ. ಬೆಲ್ಟಿಗೆ ಹಳೇ ಜಾಳಗಿ ಬಗ್ಗಿಸಿ ಎರಡು ಆ್ಯಂಗಲಿಗೆ ಬಿಗೀರಿ, ಗಾಳಿನೂ ಆಡತೈತಿ, ಸೆರಗೂ ಸಿಗಂಗಿಲ್ಲ. ಪಿ.ಟಿ.ಓ. ಶಾಫ್ಟಿನ ಕವಚ ಗ್ರೀಸಿಗೆ ಅಡ್ಡ ಬಂದ್ರ ಅದಕ್ಕೊಂದು ಸಣ್ಣ ಕಿಂಡಿ ಕೊಯ್ದು ಮುಚ್ಚಳ ಮಾಡ್ರಿ, ಕವಚವನ್ನೇ ಕೀಳಬ್ಯಾಡ್ರಿ. ಗಿಡ್ಡ ಆದ ಗಾಳಿಕೆಗೆ ತಗಡು ಸೇರಿಸಿ ಮೂರು ಅಡಿ ಮಾಡ್ರಿ, ಒಳಗ ತೆನಿ ನೂಕಾಕ ಕಟ್ಟಿಗಿಯ ದಬ್ಬೋ ಕೋಲು ಇಡ್ರಿ. ರಾಶಿ ಮಷೀನಿನ ಹತ್ತಿರ ನಿಂತವರ ಕೈಗೆ ಸಿಗೋ ಹಂಗ ಒಂದು ಹಗ್ಗ ಎಂಜಿನ್ ಬಂದ್ ಮಾಡೋ ಹಿಡಿಕಿಗೆ ಕಟ್ಟಿ ಬಿಡ್ರಿ. ಎಳದ ಕೂಡಲೇ ಎಂಜಿನ್ ಬಂದ್. ಇದಕ್ಕ ನಾನು ಉಪಾಯ ಅಂತೀನಿ. ಇಂಥಾ ವಿಡಿಯೋ ಕಳಸ್ರಿ, ನಾನೂ 'ಸೂಪರ್ ತಮ್ಮಾ' ಅಂತ ಬರಿತೀನಿ.

ಕೊನೆಗೆ ಸರ್ಕಾರದವರಿಗೆ. ಎಲ್ಲಾ ತಪ್ಪು ರೈತನ ಮ್ಯಾಲೇ ಹಾಕಿ ಮುಗಿಸಿದ್ರ ಅನ್ಯಾಯ ಆಗ್ತೈತಿ.

2014-15ರಿಂದ ಕೃಷಿ ಯಾಂತ್ರೀಕರಣಕ್ಕ ಅಂತ ಕೇಂದ್ರದ ಉಪ ಅಭಿಯಾನ ನಡದೈತಿ. ಸಬ್ಸಿಡಿ ಬೇಕಂದ್ರ ಪರೀಕ್ಷೆ ಆಗಿ ಪಟ್ಟಿಯೊಳಗ ಸೇರಿದ ಕಂಪನಿ ಮಾಲೇ ತಗೋಬೇಕು. ಪರೀಕ್ಷೆ ಬೇಕು, ಅದಕ್ಕ ನನ್ನ ತಕರಾರಿಲ್ಲ. ಆದ್ರ ಕುಷ್ಟಗಿ, ತಾವರಗೇರಾ, ಹನುಮಸಾಗರದ ವೆಲ್ಡಿಂಗ್ ಅಂಗಡಿಯವನು ತಾನು ಮಾಡಿದ ಕುಂಟಿಯನ್ನ ಎಲ್ಲಿಗೆ ಒಯ್ಯಬೇಕು? ದಕ್ಷಿಣ ಭಾರತದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇರೋದು ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಾಗ. ಒಂದು ಕುಂಟಿ ಹೊತ್ತುಕೊಂಡು ಅವನು ಅಲ್ಲಿಗೆ ಹೋಗೋದು ಆಗೋ ಮಾತೇನ್ರಿ? ಅದಕ್ಕ ನಮ್ಮ ಕಮ್ಮಾರನ ಚಲೋ ಮಾಲಿಗೂ ಮಾನ್ಯತಾ ಇಲ್ಲ, ಕೆಟ್ಟ ಮಾಲಿಗೂ ತಡೆ ಇಲ್ಲ. ಎರಡೂ ಒಂದೇ ತಕ್ಕಡಿಯಾಗ. ಕೇಳೋರಿಲ್ಲದ ಜಾಗಾದಾಗ ಉಪಾಯ, ಅಪಾಯ ಎರಡೂ ಒಟ್ಟಿಗೆ ಬೆಳೀತಾವ.

ನನ್ನ ಬೇಡಿಕಿ ದೊಡ್ಡದಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದಾಗ ಕೃಷಿ ಎಂಜಿನಿಯರಿಂಗ್ ಕಾಲೇಜು ಐತಿ. ಗಂಗಾವತಿಯಾಗ ಕೃಷಿ ವಿಜ್ಞಾನ ಕೇಂದ್ರ ಐತಿ. ವರ್ಷಕ್ಕ ಎರಡು ದಿನ, ಮುಂಗಾರಿಗೆ ಮೊದಲು ಒಂದಿನ, ರಾಶಿಗೆ ಮೊದಲು ಒಂದಿನ, ನಮ್ಮ ತಾಲ್ಲೂಕಿಗೆ ಬರ್ರಿ. ಊರ ಅಂಗಡಿಯಾಗ ಮಾಡಿದ ಸಲಕರಣಿ, ಬಾಡಿಗಿ ಓಡೋ ರಾಶಿ ಮಷೀನು ಒಂದು ಕಡಿ ನಿಲ್ಲಸ್ತೀವಿ. ನೋಡ್ರಿ, ಅಳೀರಿ, ಚಲೋ ಇದ್ದಿದ್ದಕ್ಕ ಒಂದು ಚೀಟಿ ಬರದು ಕೊಡ್ರಿ, ಗಾರ್ಡ್ ಇಲ್ಲದ್ದಕ್ಕ ಗಾರ್ಡ್ ಹಚ್ಚಿಸಿ ಕಳಸ್ರಿ. ಹೊಸಾ ಯಂತ್ರಕ್ಕ ಕೊಡೋ ಸಬ್ಸಿಡಿಯಾಗ ಒಂದು ಚೂರು ಹಳೇ ಯಂತ್ರದ ಗಾರ್ಡಿಗೂ ಇರಲಿ. ಕಾಲೇಜಿನ ಹುಡುಗರಿಗೆ ಪಾಠ ಆಗ್ತೈತಿ, ನಮ್ಮ ಕಮ್ಮಾರರಿಗೆ ಮರ್ಯಾದಿ ಆಗ್ತೈತಿ.

ಅವರು ಬರೋತನಕ ಕಾಯೋದು ಬ್ಯಾಡ. ಈ ವಾರ ನಾವು ಮಾಡೋ ಕೆಲಸ ನಾಕು ಅದಾವ. ಮೂಲಿಗೆ ಒಗದ ಗ್ರೈಂಡರ್ ಗಾರ್ಡ್ ಹುಡುಕಿ ಹಚ್ಚರಿ. ಸ್ಟಾರ್ಟರಿನ ತಾಮ್ರ ತಂತಿ ಬಿಚ್ಚಿ ಫ್ಯೂಜ್ ಹಾಕ್ರಿ. ರೋಟಾವೇಟರಿಗೆ ಹೇಳಿದ ಗ್ರೇಡಿನ ಬೋಲ್ಟ್ ನಾಕು ತಂದು ಸೀಟಿನ ಕೆಳಗ ಇಡ್ರಿ, ಮುರಿದಾಗ ಸಿಟ್ಟಿಗೇಳದೇ ಬದಲಿ ಮಾಡ್ರಿ. ಬಾಡಿಗಿ ರಾಶಿ ಮಷೀನು ಕರಸುವಾಗ ಗಂಟೆಗೆ ಎಷ್ಟು ಅಂತ ಕೇಳೋಕ್ಕಿಂತ ಮೊದಲು ಗಾಳಿಕೆ ಎಷ್ಟು ಉದ್ದ ಅಂತ ಕೇಳ್ರಿ. ಹತ್ತು ಮಂದಿ ರೈತರು ಕೇಳಾಕ ಸುರು ಮಾಡಿದ್ರ ಹನ್ನೊಂದನೇ ಮಷೀನು ತಾನಾಗೇ ಉದ್ದ ಆಗ್ತೈತಿ.

ನಿಮ್ಮ ಶೆಡ್ಡಿನಾಗ ಮಾಡಿಕೊಂಡ ಚಲೋ ಉಪಾಯ ಇದ್ರ ಬರೀರಿ, ಅಳತಿ ಸಮೇತ ಬರೀರಿ. ಬರಿಯೋಕ್ಕಿಂತ ಮೊದಲು ಮಾತ್ರ ಆ ಒಂದು ಪ್ರಶ್ನೆ ಕೇಳಿಕೊಳ್ರಿ: ಕೈಕೊಟ್ರ ಏನ್ ಹೋಗ್ತೈತಿ, ಮತ್ತ ಯಾರದು ಹೋಗ್ತೈತಿ?

ಎಲ್ಲಾರಿಗೂ ಮುಂಗಾರು ಚಲೋ ಆಗಲಿ.